ಬಾನೆಟ್ಟಿನ ಕೊಂಡಿ ಮತ್ತು ಕೇಬಲ್
1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರುಗಳು ಯಲಹಂಕ, ಹೆಬ್ಬಾಳಗಳ ರಸ್ತೆಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಇಂತಹ ಹಳೆಯ ವಾಹನದ ಬಾನೆಟ್ ತೆರೆಯದೆ ಹೋದರೆ ನೀರು ಬತ್ತಿದ ರೇಡಿಯೇಟರಾಗಲಿ, ಹೊಗೆಯಾಡುವ ತಂತಿಯಾಗಲಿ ಕೈಗೆಟುಕದು.

ಚಾಲಕನ ಬಳಿಯ ಹಿಡಿಯನ್ನೆಳೆದಾಗ ಕವಚದೊಳಗಿನ ಉಕ್ಕಿನ ತಂತಿಯು ಮುಂಭಾಗದ ಕೊಂಡಿಯನ್ನು ಬಿಡಿಸುತ್ತದೆ. ಕೊಂಡಿ ತುಕ್ಕಿನಿಂದ ಬಿಗಿದಿದ್ದರೆ ಒಬ್ಬರು ಬಾನೆಟ್ಟನ್ನು ಕೆಳಕ್ಕೊತ್ತಿರುವಾಗ ಇನ್ನೊಬ್ಬರು ಹಿಡಿಯನ್ನೆಳೆಯಬೇಕು. ಬಿಗಿತ ಸಡಿಲಿ ಕೊಂಡಿ ಕಳಚುವುದು. ತಂತಿ ಹಿಡಿಯ ಬಳಿಯೇ ತುಂಡಾಗಿದ್ದರೆ ಉಳಿದ ತುದಿಯನ್ನು ಇಕ್ಕಳದಿಂದ ಎಳೆಯಬಹುದು.

ತೆರೆದ ಮೇಲೆ ತುಕ್ಕು ತೆಗೆದು, ಗ್ರೀಸ್ ಹಚ್ಚಿ, ಹೊಸ ಕೇಬಲ್ ಜೋಡಿಸಬೇಕು. ಬಾನೆಟ್ ಮುಚ್ಚುವ ಮುನ್ನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಸಿಕ್ಕಿಸಿ, ಹಿಡಿಯನ್ನೆಳೆದು ಪರೀಕ್ಷಿಸುವುದು ಅವಶ್ಯ. ಪರೀಕ್ಷಿಸದೆ ಮುಚ್ಚಿದವನಿಗೆ ಮೊದಲಿನ ಕಷ್ಟವೇ ಮರಳೀತು. ಸುರಕ್ಷಾ ಕೊಕ್ಕೆಯನ್ನೂ ನೋಡಿಕೊಳ್ಳಬೇಕು. ಕೊಂಡಿ, ಕೊಕ್ಕೆ ಎರಡೂ ತಪ್ಪಿದರೆ ಓಟದಲ್ಲಿ ಬಾನೆಟ್ ಗಾಳಿಗೆದ್ದು ಚಾಲಕನ ದೃಷ್ಟಿಯನ್ನೇ ಮರೆಮಾಡುತ್ತದೆ.