ಕಂಪನಿ ಕೈಬಿಟ್ಟರೆ ಹಾಡು ಯಾರದು?

ಬೇಮಳಖೇಡದ ತಮ್ಮಂದಿರೇ, ರೆಕಾರ್ಡಿಂಗ್ ಕಂಪನಿ ಕೈಬಿಟ್ಟಿತೆಂದು ಬ್ಯಾಂಡ್ ಮುರಿಯಬೇಡಿ. ಮೊದಲು ಕರಾರುಪತ್ರ ತೆಗೆದು ನೋಡಿ: ಹಕ್ಕು ಎಷ್ಟು ವರ್ಷಕ್ಕೆ ಕೊಟ್ಟಿದ್ದೀರಿ, ಅದೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಲು ತಡೆ ಇದೆಯೇ? ಅವಧಿ ಬರೆದಿಲ್ಲದಿದ್ದರೆ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ 5 ವರ್ಷವಷ್ಟೇ. ಸಾಹಿತ್ಯ, ರಾಗಸಂಯೋಜನೆಯ ರಾಯಧನದಲ್ಲಿ ನಿಮ್ಮ ಪಾಲನ್ನು 2012ರ ತಿದ್ದುಪಡಿ ಕಾಪಾಡಿದೆ. ಪತ್ರವನ್ನು ಒಳ್ಳೆಯ ವಕೀಲರಿಗೆ ತೋರಿಸಿ.

ಇಂಥ ಪಾಡು ನಿಮ್ಮೊಬ್ಬರದೇ ಅಲ್ಲ: ಗಾಯಕ ರಘು ದೀಕ್ಷಿತರನ್ನೂ ಎಷ್ಟೋ ಕಂಪನಿಗಳು ಬೇಡವೆಂದವು. ಶಿಶುನಾಳ ಶರೀಫರ ತತ್ವಪದಗಳೂ ಇದ್ದ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದಕ್ಕೂ ಮೊದಲೇ, 2005ರಲ್ಲಿ, ಬೆಂಗಳೂರಿನ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಬ್ಯಾಂಡ್ ತನ್ನ ‘ಪ್ಲ್ಯಾನ್ ಬಿ’ ಆಲ್ಬಂ ಅನ್ನು ಪುಕ್ಕಟೆ ಹಂಚಿತು, ಕೇಳುಗರನ್ನು ಗಳಿಸಿತು. ಎಂಥ ಧೈರ್ಯ!

ನೀವೂ ಕಂಪನಿಗೆ ಕಾಯದೆ ನೇರವಾಗಿ ಕೇಳುಗರ ಬಳಿ ಹೋಗಿ: ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಹೊತ್ತಿಗೆ ಒಂದು ಗಂಟೆಯ ಕಾರ್ಯಕ್ರಮ ಸಿದ್ಧಮಾಡಿಕೊಳ್ಳಿ. ಗಾಡಿ, ಸೌಂಡ್ ಸಿಸ್ಟಂ ಬಾಡಿಗೆಯಷ್ಟಾದರೂ ಮುಂಗಡ ಕೈಗೆ ಬರದೆ ಊರು ಬಿಡಬೇಡಿ.