ಅಮ್ಮಿಯ ಹಲ್ಲು, ತಮ್ಮನ ಹಲ್ಲು: ಮಕ್ಕಳಿಗೆ ಫ್ಲೋರೈಡ್ ಹಚ್ಚಿಸಬೇಕೇ?

ನಮ್ಮ ಅಮ್ಮಿ ನಗುವಾಗ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಚಿಕ್ಕವಳಿದ್ದಾಗ ಅದು ನಾಚಿಕೆ ಎಂದುಕೊಂಡಿದ್ದೆ. ಅವರ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ, ಅದನ್ನು ಮುಚ್ಚಿಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು. ಅಮ್ಮಿಯ ತವರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಾಮುವಿನ ಹಲ್ಲೂ ಹಾಗೆಯೇ ಇವೆ. ಅಲ್ಲಿನ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಎಂಬುದು ಊರಿನ ಮಕ್ಕಳಿಗೂ ಗೊತ್ತು.

ಕಳೆದ ದಸರಾ ರಜೆಯಲ್ಲಿ ನನ್ನ ತಮ್ಮ ಎರಡು ರಾತ್ರಿ ಹಲ್ಲುನೋವಿನಿಂದ ಅತ್ತ. ಅವನಿಗೆ ಆರೂವರೆ ವರ್ಷ. ಮೂರನೆಯ ದಿನ ತುಮಕೂರಿನಲ್ಲೇ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಎರಡು ದವಡೆ ಹಲ್ಲುಗಳು ಹುಳುಕಾಗಿದ್ದವು. ಡಾಕ್ಟರ್ ಮೇಡಂ ನೋಡಿ, "ಇವೆರಡನ್ನು ತುಂಬಿಸೋಣ. ಉಳಿದ ಹಲ್ಲುಗಳಿಗೆ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಹಚ್ಚಿಸಿ" ಎಂದರು.

ಅಮ್ಮಿ ಕುರ್ಚಿಯಿಂದ ಎದ್ದೇಬಿಟ್ಟರು. "ಫ್ಲೋರೈಡಾ? ನಮ್ಮ ಹಲ್ಲು ಹಾಳು ಮಾಡಿದ್ದು ಅದೇ ಅಲ್ಲವಾ ಮೇಡಂ? ಅದನ್ನೇ ಮಗುವಿನ ಬಾಯಿಗೆ ಹಚ್ಚುತ್ತೀರಾ?"

ಡಾಕ್ಟರ್ ಒತ್ತಾಯ ಮಾಡಲಿಲ್ಲ. "ಮನೆಯಲ್ಲಿ ಮಾತಾಡಿಕೊಂಡು ಒಂದು ವಾರ ಬಿಟ್ಟು ಬನ್ನಿ" ಎಂದರು. ಬಸ್ಸಿನಲ್ಲಿ ಅಮ್ಮಿ ನನ್ನ ಕಡೆ ತಿರುಗಿ, "ನೀನು ಸೈನ್ಸ್ ಓದುತ್ತೀಯಲ್ಲ, ನೀನೇ ಹೇಳು. ಹಚ್ಚಿಸಬೇಕಾ, ಬೇಡವಾ?" ಎಂದು ಕೇಳಿದರು. ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಆ ಒಂದು ವಾರದಲ್ಲಿ ನಾನು ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಚಿಕ್ಕ ಮಕ್ಕಳಿರಬಹುದು.

ಹಲ್ಲು ಹುಳುಕಾಗುವುದು ಹೇಗೆ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಆಮ್ಲ, ಪ್ರತ್ಯಾಮ್ಲ ಪಾಠವನ್ನು ನೆನಪಿಸಿಕೊಳ್ಳಿ. ನಮ್ಮ ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಹಲ್ಲಿನ ಎನಾಮಲ್. ಅದು ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳಿಂದ ಆಗಿದೆ. ಬಿಸ್ಕತ್ತು, ಚಾಕೊಲೇಟು, ಸಕ್ಕರೆ ಹಾಕಿದ ಚಹಾ ಬಾಯಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಜೊಲ್ಲು ಆ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆಗ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮತ್ತೆ ಹಲ್ಲಿಗೆ ಸೇರುತ್ತವೆ. ಈ ಹೋಗಿಬರುವಿಕೆ ದಿನವಿಡೀ ನಡೆಯುತ್ತಲೇ ಇರುತ್ತದೆ. ಹೋಗುವುದು ಜಾಸ್ತಿ, ಬರುವುದು ಕಡಿಮೆಯಾದರೆ ತೂತು ಬೀಳುತ್ತದೆ.

ಫ್ಲೋರೈಡ್ ಇಲ್ಲಿ ಹಲ್ಲಿನ ಹೊರಮೈ ಮೇಲೆ ಕೆಲಸ ಮಾಡುತ್ತದೆ. ಖನಿಜ ಹಲ್ಲಿಗೆ ಮರಳಿ ಸೇರುವಾಗ ಫ್ಲೋರೈಡ್ ಜೊತೆಯಲ್ಲಿದ್ದರೆ ಹೈಡ್ರಾಕ್ಸಿಲ್ ಜಾಗದಲ್ಲಿ ಅದು ಕೂರುತ್ತದೆ. ಫ್ಲೋರ್‌ಅಪಟೈಟ್ ಸ್ವರೂಪದ ಗಟ್ಟಿ ಹರಳು ಉಂಟಾಗುತ್ತದೆ. ಅದು ಕರಗಬೇಕಾದರೆ ಪಿಎಚ್ ಸುಮಾರು 4.5ಕ್ಕೆ ಇಳಿಯಬೇಕು. ಪಿಎಚ್ ಲಾಗರಿದಮಿಕ್ ಅಳತೆ. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚು ಎಂದರ್ಥ.

ಹಾಗಾದರೆ ಅಮ್ಮಿಯ ಹಲ್ಲಿನ ಕಲೆ?

ಅದು ಬೇರೆ ದಾರಿಯಲ್ಲಿ, ಬೇರೆ ವಯಸ್ಸಿನಲ್ಲಿ ಆದದ್ದು. ನಮ್ಮ ಶಾಶ್ವತ ಹಲ್ಲುಗಳು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದವರೆಗೆ ವಸಡಿನ ಒಳಗೆ ತಯಾರಾಗುತ್ತಿರುತ್ತವೆ. ಆ ವರ್ಷಗಳಲ್ಲಿ ಮಗು ನುಂಗಿದ ಫ್ಲೋರೈಡ್ ರಕ್ತದ ಮೂಲಕ ಅಲ್ಲಿಗೆ ತಲುಪುತ್ತದೆ. ಪ್ರಮಾಣ ಹೆಚ್ಚಾಗಿ ವರ್ಷಗಟ್ಟಲೆ ಹೀಗೇ ನಡೆದರೆ ಎನಾಮಲ್ ಸರಿಯಾಗಿ ಬಲಿಯುವುದಿಲ್ಲ. ಮೊದಲು ಬಿಳಿ ಗೆರೆ, ತೀವ್ರವಾದರೆ ಕಂದು ಪಟ್ಟೆ. ಇದಕ್ಕೆ ದಂತ ಫ್ಲೋರೋಸಿಸ್ ಎನ್ನುತ್ತಾರೆ. ಇನ್ನೂ ಹೆಚ್ಚಿನ ಪ್ರಮಾಣವನ್ನು ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ.

ಇಲ್ಲೊಂದು ಸ್ವಾರಸ್ಯವಿದೆ. ಫ್ಲೋರೈಡಿನ ಉಪಯೋಗ ಗೊತ್ತಾದದ್ದೇ ಅದರ ಕಲೆಯಿಂದ. ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆ ಕಂಡರು. ಆ ಹಲ್ಲುಗಳಲ್ಲಿ ಹುಳುಕು ಕಡಿಮೆ ಎಂಬುದನ್ನೂ ಗಮನಿಸಿದರು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಅಂಥ ಊರುಗಳ ನೀರನ್ನು ಪರೀಕ್ಷಿಸಿ ಕಾರಣ ಫ್ಲೋರೈಡ್ ಎಂದು ತೋರಿಸಿದರು. ಕಲೆ ಬೀಳದಷ್ಟು ಕಡಿಮೆ, ಹುಳುಕು ತಡೆಯುವಷ್ಟು ಸಾಕು ಎನ್ನುವ ಪ್ರಮಾಣವನ್ನು ಹುಡುಕಿದ ಮೇಲೆ 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನೀರಿಗೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಲೆಕ್ಕದಲ್ಲಿ ಫ್ಲೋರೈಡ್ ಸೇರಿಸಿದರು.

ನಮ್ಮ ಕಡೆ ಸಮಸ್ಯೆ ತಿರುಗುಮುರುಗು. ಪಾವಗಡದಂಥ ಒಣ ತಾಲ್ಲೂಕುಗಳಲ್ಲಿ ನೆಲದಡಿ ಗ್ರಾನೈಟ್ ಜಾತಿಯ ಬಂಡೆ. ಅದರಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ಕಡಿಮೆ, ಬೋರ್ ಆಳ. ನೀರು ಬಂಡೆಯ ಜೊತೆ ಬಹಳ ಕಾಲ ಇದ್ದು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಇನ್ನೂ ಹೆಚ್ಚು ಕರಗುತ್ತದೆ. ನಾವು ಅಯಾನಿಕ್ ಸಮತೋಲನದಲ್ಲಿ ಓದುವ ಕಾಮನ್ ಅಯಾನ್ ಎಫೆಕ್ಟ್ ಇದೇ.

ಲೆಕ್ಕ ಹಾಕಿ ನೋಡಿದೆ

ವಾರ್ನಿಷ್‌ನಲ್ಲಿ ಶೇ. 5 ಸೋಡಿಯಂ ಫ್ಲೋರೈಡ್ ಇರುತ್ತದೆ. ಅಂದರೆ 1 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ. ಸೋಡಿಯಂ 23, ಫ್ಲೋರಿನ್ 19, ಒಟ್ಟು 42. ಆದ್ದರಿಂದ ಫ್ಲೋರೈಡ್ ಮಾತ್ರ 22.6 ಮಿಲಿಗ್ರಾಂ. ಈ ಸಂಖ್ಯೆ ನೋಡಿ ನನಗೂ ಮೊದಲು ಭಯವಾಯಿತು. ಆದರೆ ತಮ್ಮನ ವಯಸ್ಸಿನ ಮಗುವಿಗೆ ಹಚ್ಚುವುದು ಸುಮಾರು 0.4 ಮಿಲಿಲೀಟರ್ ಮಾತ್ರ. ಅದರಲ್ಲಿರುವುದು 9 ಮಿಲಿಗ್ರಾಂ. ವರ್ಷಕ್ಕೆ ಎರಡು ಸಲ ಹಚ್ಚಿ, ಅದಷ್ಟನ್ನೂ ಅವನು ನುಂಗಿಬಿಟ್ಟ ಎಂದುಕೊಂಡರೂ 18 ಮಿಲಿಗ್ರಾಂ.

ಇನ್ನು ನಾನಿಯ ಊರಿನ ನೀರು. ಹಳ್ಳಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಪಂಚಾಯಿತಿಗೆ ಬಂದಿರುತ್ತದೆ. ಮಾಮು ಮನೆಯ ಬೋರ್ ನೀರನ್ನು ಅದರಲ್ಲಿ ಪರೀಕ್ಷೆ ಮಾಡಿಸಿ ಫೋಟೊ ಕಳಿಸಿದರು. ಬಣ್ಣ 2ರ ಗುರುತನ್ನು ದಾಟಿತ್ತು. ಲೀಟರಿಗೆ 2 ಮಿಲಿಗ್ರಾಂ ಎಂದೇ ಹಿಡಿಯೋಣ. ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ ವರ್ಷಕ್ಕೆ 730 ಮಿಲಿಗ್ರಾಂ. ವಾರ್ನಿಷ್‌ನ ಸುಮಾರು 40 ಪಟ್ಟು! ಅನ್ನ, ಸಾರು, ಚಹಾ ಮಾಡುವ ನೀರು ಈ ಲೆಕ್ಕದಲ್ಲಿ ಸೇರಿಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 1.5ರ ತನಕ ಒಪ್ಪಬಹುದು. ನಮ್ಮ ತುಮಕೂರಿನ ಮನೆಗೆ ಬರುವುದು ಹೇಮಾವತಿ ನೀರು. ಹೊಳೆ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೂ ಅದನ್ನೂ ಪರೀಕ್ಷೆ ಮಾಡಿಸಿದೆವು. 1ಕ್ಕಿಂತ ಕೆಳಗೇ ಇತ್ತು.

ಆಗ ನನಗೆ ಅರ್ಥವಾಯಿತು. "ಫ್ಲೋರೈಡ್ ಒಳ್ಳೆಯದೋ ಕೆಟ್ಟದ್ದೋ" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಎಷ್ಟು, ಯಾವ ವಯಸ್ಸಿಗೆ, ಹಲ್ಲಿನ ಮೇಲೋ ಹೊಟ್ಟೆಯೊಳಗೋ ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ಹಚ್ಚಿಸಿದರೆ ಪ್ರಯೋಜನವಿದೆಯೇ?

ಮಕ್ಕಳ ಮೇಲೆ ನಡೆದ 22 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ 2013ರಲ್ಲಿ ಪ್ರಕಟವಾಯಿತು. ವಾರ್ನಿಷ್ ಹಚ್ಚಿಸಿಕೊಂಡ ಮಕ್ಕಳಲ್ಲಿ ಹುಳುಕು ಸರಾಸರಿ ಹಾಲುಹಲ್ಲುಗಳಲ್ಲಿ ಶೇ. 37ರಷ್ಟು, ಶಾಶ್ವತ ಹಲ್ಲುಗಳಲ್ಲಿ ಶೇ. 43ರಷ್ಟು ಕಡಿಮೆ ಇತ್ತು. ಅಂದರೆ ಹುಳುಕು ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಈಗಾಗಲೇ ಬಿದ್ದ ತೂತನ್ನು ವಾರ್ನಿಷ್ ಮುಚ್ಚುವುದೂ ಇಲ್ಲ.

ಎಲ್ಲ ಮಕ್ಕಳಿಗೂ ಒಂದೇ ಉತ್ತರವಿಲ್ಲ. ಹುಳುಕು ಬಂದಿರುವ, ಸಿಹಿ ಹೆಚ್ಚು ತಿನ್ನುವ, ಹಲ್ಲುಜ್ಜಲು ಸತಾಯಿಸುವ ಮಗುವಿಗೆ ಲಾಭ ಹೆಚ್ಚು. ಹಲ್ಲುಗಳೆಲ್ಲ ಚೆನ್ನಾಗಿದ್ದು ದಿನಕ್ಕೆ ಎರಡು ಸಲ ಪೇಸ್ಟಿನಲ್ಲಿ ಉಜ್ಜುವ ಮಗುವಿಗೆ ಅಷ್ಟು ಅವಸರವಿಲ್ಲ. ಕೆಲವು ವಾರ್ನಿಷ್‌ಗಳಲ್ಲಿ ಮರದ ರಾಳ ಇರುತ್ತದೆ. ಆದ್ದರಿಂದ ಅಲರ್ಜಿ, ಆಸ್ತಮಾ ಇರುವ ಅಥವಾ ಬಾಯಲ್ಲಿ ಹುಣ್ಣಾಗಿರುವ ಮಗುವಾದರೆ ಮೊದಲೇ ಡಾಕ್ಟರಿಗೆ ಹೇಳಬೇಕು.

ಮನೆಯಲ್ಲಿರುವ ಪೇಸ್ಟನ್ನು ಮರೆಯಬೇಡಿ. 1000 ಪಿಪಿಎಂ ಪೇಸ್ಟಿನ 100 ಗ್ರಾಂ ಟ್ಯೂಬಿನಲ್ಲಿ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಕೆ.ಜಿ. ತೂಕಕ್ಕೆ 5 ಮಿಲಿಗ್ರಾಂ ಒಮ್ಮೆಲೇ ಹೊಟ್ಟೆಗೆ ಹೋದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 20 ಕೆ.ಜಿ. ಮಗುವಿಗೆ ಅದು ಸರಿಯಾಗಿ ಒಂದು ಟ್ಯೂಬ್! ಹಣ್ಣಿನ ರುಚಿಯ ಪೇಸ್ಟನ್ನು ಮಕ್ಕಳ ಕೈಗೆಟುಕುವಲ್ಲಿ ಇಡಬಾರದು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಗುಳುವುದನ್ನು ಕಲಿಸಬೇಕು.

ನಮ್ಮ ನಿರ್ಧಾರ

ವಾರದ ಕೊನೆಗೆ ನನ್ನ ನೋಟ್‌ಬುಕ್ಕಿನ ಲೆಕ್ಕವನ್ನು ಅಮ್ಮಿಗೆ ತೋರಿಸಿದೆ. ಅವರು 730 ಎಂಬ ಸಂಖ್ಯೆಯನ್ನೇ ಬಹಳ ಹೊತ್ತು ನೋಡುತ್ತಾ ಕುಳಿತರು. ಕಾರಣ ನನಗೆ ಗೊತ್ತಿತ್ತು. ಅಮ್ಮಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಾಗ ತಮ್ಮ ನಾಲ್ಕು ವರ್ಷ ತುಂಬುವವರೆಗೆ ನಾನಿಯ ಹತ್ತಿರವೇ ಬೆಳೆದ. ಮುಂದಿನ ಶಾಶ್ವತ ಹಲ್ಲುಗಳು ಒಳಗೆ ತಯಾರಾಗುವ ವರ್ಷಗಳೇ ಅವು.

ಮತ್ತೆ ಡಾಕ್ಟರ್ ಹತ್ತಿರ ಹೋದಾಗ ಅಮ್ಮಿ ಅದನ್ನೇ ಕೇಳಿದರು. ಮೇಡಂ ತಮ್ಮನ ತುಟಿ ಎತ್ತಿ, ಆಗಷ್ಟೇ ಅರ್ಧ ಬಂದಿದ್ದ ಹೊಸ ಹಲ್ಲನ್ನು ತೋರಿಸಿದರು. ಅದರ ಮೇಲೆ ತೆಳುವಾದ ಬಿಳಿ ಗೆರೆಗಳಿದ್ದವು. "ಇದು ಆ ನೀರಿನದು. ಸೌಮ್ಯವಾಗಿದೆ, ತೊಂದರೆಯಿಲ್ಲ. ವಾರ್ನಿಷ್‌ನಿಂದ ಇದು ಹೆಚ್ಚಾಗುವುದಿಲ್ಲ. ಆದರೆ ಗೆರೆ ಇದೆ ಎಂದು ಹುಳುಕು ಬಿಡುವುದಿಲ್ಲವಲ್ಲಮ್ಮ" ಎಂದರು.

ಅಮ್ಮಿ ಒಪ್ಪಿದರು. ಎರಡು ಹಲ್ಲು ತುಂಬಿಸಿ, ಉಳಿದವಕ್ಕೆ ಚಿಕ್ಕ ಬ್ರಷ್‌ನಲ್ಲಿ ವಾರ್ನಿಷ್ ಹಚ್ಚಿದರು. ಐದು ನಿಮಿಷವೂ ಆಗಲಿಲ್ಲ. ಅದು ಜೊಲ್ಲು ತಾಗಿದೊಡನೆ ಗಟ್ಟಿಯಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ಅಂದು ಬಿಸಿ ಮತ್ತು ಗಟ್ಟಿ ಪದಾರ್ಥ ಬೇಡ, ಮಾರನೆಯ ಬೆಳಗಿನವರೆಗೆ ಬ್ರಷ್ ಬೇಡ ಎಂದು ಹೇಳಿ ಕಳಿಸಿದರು. "ಆಪಾ, ನನ್ನ ಹಲ್ಲು ಹಳದಿಯಾಗಿದೆ" ಎಂದು ತಮ್ಮ ಸಂಜೆಯವರೆಗೆ ಗೋಳಾಡಿದ. ಮರುದಿನ ಉಜ್ಜಿದಾಗ ಹಳದಿ ಹೋಯಿತು. ಶಾಲೆಯಿಂದ ಬಂದ ಕೂಡಲೇ ಕೊಡುತ್ತಿದ್ದ ಕ್ರೀಮ್ ಬಿಸ್ಕತ್ತು ಆ ವಾರದಿಂದಲೇ ನಿಂತಿತು. ಅದಕ್ಕೆ ಇನ್ನೂ ಹೆಚ್ಚು ಗೋಳಾಡಿದ.

ಅಂದು ರಾತ್ರಿ ಅಮ್ಮಿ ಮಾಮುವಿಗೆ ಫೋನ್ ಮಾಡಿದರು. ಮಾಮುವಿನ ಮಗಳಿಗೆ ಈಗ ಒಂದು ವರ್ಷ. "ನಮ್ಮದಾಯಿತು. ಇವನದೂ ಅರ್ಧ ಆಯಿತು. ಆ ಮಗುವಿನ ಹಲ್ಲು ಇನ್ನೂ ಒಳಗಿದೆ. ಇನ್ನು ಮೇಲೆ ಕುಡಿಯಲಿಕ್ಕೂ ಅಡುಗೆಗೂ ಬೋರ್ ನೀರು ಬೇಡ, ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ" ಎಂದರು. ಕಾಯಿಸಿದರೆ ಸಾಲದೇ ಎಂದು ಆ ಕಡೆಯಿಂದ ನಾನಿ ಕೇಳಿದ್ದು ನನಗೂ ಕೇಳಿಸಿತು. ಅಮ್ಮಿ ಫೋನನ್ನು ನನ್ನ ಕೈಗೆ ಕೊಟ್ಟರು. "ಇಲ್ಲ ನಾನಿ, ಕಾಯಿಸಿದರೆ ಕ್ರಿಮಿ ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ" ಎಂದೆ.

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಯ ಮಗುವಿಗೆ ಡಾಕ್ಟರ್ ಫ್ಲೋರೈಡ್ ಹಚ್ಚಿಸಿ ಎಂದರೆ ಭಯದಿಂದ ಬೇಡ ಎನ್ನಬೇಡಿ, ಕೇಳದೆ ಹೂಂ ಎನ್ನಲೂಬೇಡಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮಗು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ಹಲ್ಲು ಹುಳುಕಾಗುವ ಲಕ್ಷಣವಿದೆಯೇ? ಮಗುವಿಗೆ ಪೇಸ್ಟ್ ಉಗುಳಲು ಬರುತ್ತದೆಯೇ? ಅಲರ್ಜಿ ಏನಾದರೂ ಇದೆಯೇ? ಮೊದಲ ಪ್ರಶ್ನೆಗೆ ಉತ್ತರ ದಂತವೈದ್ಯರ ಕುರ್ಚಿಯಲ್ಲಿ ಸಿಗುವುದಿಲ್ಲ, ನಿಮ್ಮ ಮನೆಯ ಬಿಂದಿಗೆಯಲ್ಲಿದೆ. ಹಳ್ಳಿಗಳಿಂದ ನಮ್ಮ ಕಾಲೇಜಿಗೆ ಬರುವವರು ಬಹಳ ಮಂದಿ ಇದ್ದೀರಿ. ಈ ರಜೆಯಲ್ಲಿ ಊರಿಗೆ ಹೋದಾಗ ಪಂಚಾಯಿತಿಯಲ್ಲಿ ವಿಚಾರಿಸಿ ನಿಮ್ಮ ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ಬಂದ ಸಂಖ್ಯೆಯನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಿ.