ಸಿಮೆಂಟ್ ಹಾಕಿಸುವ ಮೊದಲು ಹುಳಿ ನಿಲ್ಲಲಿ

ಪ್ರಶ್ನೆ: ನನಗೆ 41 ವರ್ಷ. ಹೆದ್ದಾರಿ ಬದಿಯಲ್ಲಿ ಅಂಗಡಿ ಇದೆ. ಸೆಕೆಗೆ ದಿನವಿಡೀ ನಿಂಬೆ ಸೋಡಾ, ಪುನರ್ಪುಳಿ ಶರಬತ್ತು ಕುಡಿಯುತ್ತೇನೆ. ರಾತ್ರಿ ಹುಳಿತೇಗು, ಎದೆಯುರಿ. ಮೇಲಿನ ಎದುರು ಹಲ್ಲುಗಳು ತೆಳ್ಳಗಾಗಿ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತವೆ. ಕಳೆದ ವರ್ಷ ಹಲ್ಲಿನ ಬಣ್ಣದ ಸಿಮೆಂಟ್ ಹಾಕಿಸಿದ್ದೆ, ಎರಡು ಕಡೆ ಕಿತ್ತುಬಂತು. ಈಗ ಬೇರೆ ಡಾಕ್ಟರು ‘ಮೊದಲು ಹುಳಿ ನಿಲ್ಲಲಿ, ಕೆಲವು ವಾರ ಬಿಟ್ಟು ಹಾಕೋಣ’ ಎನ್ನುತ್ತಾರೆ. ಅಷ್ಟರಲ್ಲಿ ಹಲ್ಲು ಇನ್ನೂ ಹಾಳಾಗುವುದಿಲ್ಲವೇ?
— ಓದುಗರು, ಕೋಟೇಶ್ವರ

ಉತ್ತರ: ಎರಡನೆಯ ಡಾಕ್ಟರು ಹೇಳಿದ್ದೇ ಸರಿ.

ಇದು ಹುಳುಕಲ್ಲ, ಸವೆತ. ಹುಳುಕಿನಲ್ಲಿ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸಿ ಹಲ್ಲಿನಲ್ಲಿ ತೂತು ಮಾಡುತ್ತವೆ. ಸವೆತಕ್ಕೆ ಬ್ಯಾಕ್ಟೀರಿಯಾ ಬೇಕಿಲ್ಲ. ಕುಡಿದ ಹುಳಿಯೋ ಹೊಟ್ಟೆಯಿಂದ ಮೇಲೇರಿದ ಆಮ್ಲವೋ ನೇರವಾಗಿ ಎನಾಮೆಲ್ಲನ್ನು ಪದರ ಪದರವಾಗಿ ಕರಗಿಸುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ನಿಂಬೆರಸದ್ದು 2ರಿಂದ 2.5, ಜಠರರಸದ್ದು 1ರಿಂದ 2. ಹೊಟ್ಟೆಯ ಆಮ್ಲ ಹೆಚ್ಚಾಗಿ ಸವೆಸುವುದು ಮೇಲಿನ ಎದುರು ಹಲ್ಲುಗಳ ಒಳಮೈಯನ್ನು. ಹುಳಿತೇಗು ಇರುವವರ ಬಾಯಿಯಲ್ಲಿ ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಮೊದಲು ನೋಡುವುದೂ ಅಲ್ಲೇ.

ಸಿಮೆಂಟ್ ಎಂದು ಜನ ಕರೆಯುವ ರೆಸಿನ್ ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಫಾಸ್ಫಾರಿಕ್ ಆಮ್ಲ ಸವರಿದ ಎನಾಮೆಲ್ಲಿಗೆ ರೆಸಿನ್ ಗಟ್ಟಿಯಾಗಿ ಹಿಡಿಯುತ್ತದೆ ಎಂದು 1955ರಲ್ಲಿ ತೋರಿಸಿದವರು ಅಮೆರಿಕದ ಮೈಕೆಲ್ ಬ್ಯೂನಕೋರ್. ಈಗಲೂ ಅದೇ ವಿಧಾನ: ಸುಮಾರು 37 ಪ್ರತಿಶತದ ಜೆಲ್ ಹಚ್ಚಿ, 15–30 ಸೆಕೆಂಡಿಗೆ ತೊಳೆದು, ಒಣಗಿಸಿದಾಗ ಎನಾಮೆಲ್ ಹೊಳಪು ಕಳೆದುಕೊಂಡು ಬೆಳ್ಳಗಾಗುತ್ತದೆ. ಹುಳಿಯಿಂದಲೇ ಸವೆದ ಹಲ್ಲಿಗೆ ಮತ್ತೆ ಆಮ್ಲವೇ ಎಂದು ಗಾಬರಿಯಾಗಬೇಕಿಲ್ಲ. ಅದು ಮಾಡಿದ ಸೂಕ್ಷ್ಮ ರಂಧ್ರಗಳನ್ನು ರೆಸಿನ್ ಕೂಡಲೇ ತುಂಬಿ ಮುಚ್ಚುತ್ತದೆ.

ತೊಡಕಿರುವುದು ಎನಾಮೆಲ್ ಹೋಗಿ ಅದರಡಿಯ ಪದರವಾದ ಡೆಂಟಿನ್ ಹೊರಬಿದ್ದಲ್ಲಿ. ವರ್ಷಗಟ್ಟಲೆ ಹುಳಿ ಉಂಡ ಡೆಂಟಿನ್ ಹಳದಿಯಾಗಿ, ಗಾಜಿನಂತೆ ನುಣುಪಾಗಿರುತ್ತದೆ. ಎಷ್ಟೋ ಕಡೆ ಅದರ ಸೂಕ್ಷ್ಮ ಕೊಳವೆಗಳಲ್ಲಿ ಖನಿಜ ಕಟ್ಟಿಕೊಂಡಿರುತ್ತದೆ. ಮೇಲೆ ಖನಿಜ ಕಳೆದುಕೊಂಡ ಕೊಲಾಜೆನ್ ನಾರಿನ ಪದರ. ಅಂಟು ಒಳಗಿಳಿಯುವುದಿಲ್ಲ. ಅದಕ್ಕೇ ಪ್ಯೂಮಿಸ್ ಪುಡಿಯಿಂದ ಉಜ್ಜಿ, ಸಣ್ಣ ಡೈಮಂಡ್ ಬರ್‌ನಿಂದ ಆ ನುಣುಪನ್ನು ಹಗುರವಾಗಿ ಒರಟು ಮಾಡಬೇಕು. ಆಳಕ್ಕೆ ಕೊರೆಯುವಂತಿಲ್ಲ, ಉಳಿದ ಹಲ್ಲೇ ಕಡಿಮೆ. ಆಮೇಲೆ ಅಂಚಿನ ಎನಾಮೆಲ್ಲಿಗೆ ಮಾತ್ರ ಜೆಲ್. ಡೆಂಟಿನ್ನಿಗೆ ಹಲ್ಲಿನ ಕ್ಯಾಲ್ಸಿಯಂ ಜೊತೆ ಬೆಸೆದುಕೊಳ್ಳುವ ಎಂಡಿಪಿ ಇರುವ ಬಾಂಡಿಂಗ್ ದ್ರವ. ಅದನ್ನು ಸುಮ್ಮನೆ ಸವರಿದರೆ ಸಾಲದು, ತಯಾರಕರು ಹೇಳಿದಷ್ಟು ಹೊತ್ತು ತಿಕ್ಕಬೇಕು. ನಡುವೆ ಎಂಜಲು ತಾಗಿದರೆ ಮಾಡಿದ್ದೆಲ್ಲ ವ್ಯರ್ಥ. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟುವುದು ಇದಕ್ಕಾಗಿ.

ಇಷ್ಟೆಲ್ಲ ಮಾಡಿಯೂ ಹುಳಿ ನಿಲ್ಲದಿದ್ದರೆ? ರೆಸಿನ್ ಇದ್ದಂತೆ ಇರುತ್ತದೆ, ಸುತ್ತಲಿನ ಹಲ್ಲು ಕರಗಿ ತಗ್ಗುತ್ತದೆ, ಸಿಮೆಂಟಿನ ಅಂಚು ನಾಲಿಗೆಗೆ ತಾಗುವಷ್ಟು ಎದ್ದು ನಿಲ್ಲುತ್ತದೆ. ಕಿತ್ತುಬರುವುದು ಆಮೇಲಿನ ಮಾತು.

ಹಾಗೆಂದು ಕಾಯುವ ವಾರಗಳಲ್ಲಿ ಸುಮ್ಮನಿರಬೇಕಿಲ್ಲ. ಎದೆಯುರಿಗೆ ಫಿಸಿಶಿಯನ್ನರನ್ನು ಕಾಣಬೇಕು, ರಾತ್ರಿ ಉಂಡು ಎರಡು–ಮೂರು ಗಂಟೆ ಮಲಗಬಾರದು. ಜುಮ್ಮೆನ್ನುವುದಕ್ಕೆ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ. ಮನೆಯಲ್ಲಿ ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟ್, ಮೆತ್ತನೆಯ ಬ್ರಷ್. ಹುಳಿ ಕುಡಿದ ಅಥವಾ ಹುಳಿತೇಗು ಬಂದ ಕೂಡಲೇ ಹಲ್ಲುಜ್ಜಿದರೆ ಮೆತ್ತಗಾದ ಪದರ ಉಜ್ಜಿಹೋಗುತ್ತದೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಉಜ್ಜಬೇಕು. ಉಪ್ಪು, ಇದ್ದಿಲು, ಉಮಿಕರಿ ಯಾವುದೂ ಬೇಡ. ಆದರೆ ತಡೆಯಲಾರದ ನೋವಿದ್ದರೆ, ನರದ ಹತ್ತಿರ ಸವೆದಿದ್ದರೆ ಕಾಯುವ ಪ್ರಶ್ನೆಯಿಲ್ಲ. ಗ್ಲಾಸ್ ಅಯಾನೊಮರ್‌ನಿಂದ ತಾತ್ಕಾಲಿಕವಾಗಿ ಮುಚ್ಚುವುದೋ, ನರಕ್ಕೇ ಚಿಕಿತ್ಸೆ ಬೇಕೋ ಎಂದು ಡಾಕ್ಟರು ಆಗಲೇ ನಿರ್ಧರಿಸಬೇಕು.

ಕರಾವಳಿಯವರಿಗೆ ಹುಳಿಯನ್ನೇ ಬಿಡಿ ಎನ್ನುವುದು ನ್ಯಾಯವಲ್ಲ, ಅಗತ್ಯವೂ ಇಲ್ಲ. ಊಟದ ಜೊತೆಗಿನ ಪುನರ್ಪುಳಿ ಸಾರು, ಮೀನು ಸಾರಿನ ಹುಣಸೆಹುಳಿ ಬಾಯಿಗೆ ಬಂದು ಹೋಗುತ್ತವೆ. ಮಿಕ್ಕ ಹೊತ್ತಿನಲ್ಲಿ ಎಂಜಲು ಹುಳಿಯನ್ನು ತೊಳೆಯುವ ತನ್ನ ಕೆಲಸ ಮಾಡಿಕೊಳ್ಳುತ್ತದೆ. ಗಲ್ಲಾಪೆಟ್ಟಿಗೆ ಪಕ್ಕ ಗ್ಲಾಸಿಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಗುಟುಕು ಗುಟುಕು ಹೀರುವುದೇ ಅಪಾಯ. ಮೊಸರಿನ ಪಿಎಚ್ 4ರ ಆಸುಪಾಸಿದ್ದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಧಾರಾಳವಾಗಿರುವುದರಿಂದ ಎನಾಮೆಲ್ ಕರಗುವುದಿಲ್ಲ. ಸೆಕೆಗೆ ನೀರು, ನಿಂಬೆ ಹಿಂಡದ ಮಜ್ಜಿಗೆ ಒಳ್ಳೆಯದು.

ಬಾಯಿ ತುಂಬ ಸವೆದಿದ್ದರೆ ಒಂದೆರಡು ಹಲ್ಲಿಗೆ ಸಿಮೆಂಟ್ ಮೆತ್ತಿ ಪ್ರಯೋಜನವಿಲ್ಲ. ಕಚ್ಚುವ ಎತ್ತರವನ್ನೇ ಮತ್ತೆ ಹೊಂದಿಸಬೇಕಾಗಬಹುದು. ಅಂಥ ಚಿಕಿತ್ಸೆಗೆ 1965ರಲ್ಲಿ ಆರಂಭವಾದ ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ, ದಿನಕ್ಕೆ ಏನೇನು ಎಷ್ಟು ಸಲ ಕುಡಿಯುತ್ತೀರಿ, ಹುಳಿತೇಗು ಯಾವಾಗ ಬರುತ್ತದೆ ಎಂದು ನಾಲ್ಕು ದಿನ ಬರೆದಿಟ್ಟು ಆ ಚೀಟಿ ಒಯ್ಯಿರಿ.